ಐಸ್‌ಬರ್ಗ್ ಗುಲಾಬಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಳಿ ಗುಲಾಬಿಯ ಮಾತು ಎಲ್ಲಿಂದ ಶುರುವಾದರೂ ಸುತ್ತಿ ಬಳಸಿ ಐಸ್‌ಬರ್ಗ್ ಹತ್ತಿರವೇ ಬಂದು ನಿಲ್ಲುತ್ತದೆ. ನಿನ್ನೆ ಗಿಡ ತಂದವರೂ ಕೇಳುತ್ತಾರೆ, ಹತ್ತು ವರ್ಷದಿಂದ ಬೆಳೆಸಿದವರೂ ಕೇಳುತ್ತಾರೆ. ಮಾತಿನಲ್ಲಿ, ಪತ್ರದಲ್ಲಿ ಬಂದ ಪ್ರಶ್ನೆಗಳನ್ನು ಅವರವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ತಲೆ ಕೆರೆದುಕೊಳ್ಳುವಂಥವು. ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ: ಈ ಬಿಳಿ ಹೂವಿನ ಅಮ್ಮ ಕೆಂಪು ಗುಲಾಬಿ. ಕೆಳಗಿನ ಎಷ್ಟೋ ಪ್ರಶ್ನೆಗಳ ಬೇರು ಅಲ್ಲೇ ಇದೆ.

## ಮೊದಲ ಪರಿಚಯ

ಐಸ್‌ಬರ್ಗ್ ಅಂದ್ರೆ ಯಾವ ಗುಲಾಬಿ? ನೋಡಿದ ತಕ್ಷಣ ಗುರುತು ಹಿಡಿಯೋದು ಹೇಗೆ?

ಗೊಂಚಲು ಗೊಂಚಲಾಗಿ ಬಿಡುವ ಬಿಳಿ ಗುಲಾಬಿ. ಜರ್ಮನಿಯ ಕೋರ್ಡೆಸ್ ನರ್ಸರಿ 1958ರಲ್ಲಿ ಹೊರತಂದ ಫ್ಲೋರಿಬಂಡ ತಳಿ. ಗಿಡ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್ ಎತ್ತರ ಬೆಳೆಯುತ್ತದೆ. ಚಳಿ ಕಮ್ಮಿ ಇರುವ ಕಡೆ ಸವರದೆ ಬಿಟ್ಟರೆ ಇನ್ನೂ ಮೇಲೆ ಹೋಗುತ್ತದೆ.

ಬಿಳಿ ಗುಲಾಬಿಗಳು ಬೇಕಾದಷ್ಟಿವೆ. ಹಾಗಾಗಿ ಹೂವನ್ನಲ್ಲ, ಎಲೆಯನ್ನು ಮೊದಲು ನೋಡಿ. ತಿಳಿ ಹಸಿರು, ಮೇಲೊಂದು ಹೊಳಪು, ಸ್ವಲ್ಪ ನೀಳ. ಕೊಂಬೆ ಹಿಡಿದರೆ ಕೈಗೆ ಅಷ್ಟಾಗಿ ಚುಚ್ಚುವುದಿಲ್ಲ, ಮುಳ್ಳು ಕಮ್ಮಿ. ಮೊಗ್ಗು ಸಪೂರ, ತುದಿ ಚೂಪು. ಅರಳಿದ ಹೂವು ಏಳೆಂಟು ಸೆಂಟಿಮೀಟರ್ ಅಗಲ, ಎಸಳು ಇಪ್ಪತ್ತರಿಂದ ಇಪ್ಪತ್ತೈದು. ಮೊಗ್ಗು ನೋಡಿದರೆ ದೊಡ್ಡ ಜಂಬದ ಗುಲಾಬಿ ಆಗುತ್ತದೆ ಅನ್ನಿಸುತ್ತದೆ. ಅರಳಿದ ಮೇಲೆ ಬಟ್ಟಲಿನ ಹಾಗೆ ಸಡಿಲವಾಗಿ ತೆರೆದುಕೊಂಡು, ನಡುವಿನ ಹಳದಿ ಕೇಸರ ತೋರಿಸಿಕೊಂಡು ಕೂರುತ್ತದೆ.

ಫ್ಲೋರಿಬಂಡಕ್ಕೂ ಹೈಬ್ರಿಡ್ ಟೀಗೂ ಏನು ವ್ಯತ್ಯಾಸ? ಎರಡೂ ಗುಲಾಬಿನೇ ಅಲ್ವಾ?

ಹೈಬ್ರಿಡ್ ಟೀ ಗಿಡದಲ್ಲಿ ಉದ್ದನೆಯ ತೊಟ್ಟಿನ ತುದಿಗೆ ಒಂದೇ ದೊಡ್ಡ ಹೂವು. ಹೂದಾನಿಗೆ ಇಡುವ ಗುಲಾಬಿ ಅಂದರೆ ಕಣ್ಣ ಮುಂದೆ ಬರುವುದು ಅದೇ. ಫ್ಲೋರಿಬಂಡದಲ್ಲಿ ಒಂದು ಕೊಂಬೆಯ ತುದಿಗೆ ಹತ್ತೋ ಹದಿನೈದೋ ಮೊಗ್ಗು ಒಟ್ಟಿಗೆ. ಹೂವು ಚಿಕ್ಕದು, ಲೆಕ್ಕ ಜಾಸ್ತಿ. ಲ್ಯಾಟಿನ್‌ನಲ್ಲಿ ಆ ಹೆಸರಿನ ಅರ್ಥವೇ ಹೂವು ತುಂಬಿದ್ದು ಅಂತ.

ಐಸ್‌ಬರ್ಗ್‌ನ ಒಂದೇ ಹೂವನ್ನು ಕಿತ್ತು ಕೈಯಲ್ಲಿ ಹಿಡಿದು ನೋಡಿದರೆ ಸಾಧಾರಣ ಹೂವು. ನಾನು ಹಾಗೆ ಹೇಳಿದಾಗ ಕೆಲವರಿಗೆ ಬೇಜಾರಾಗುತ್ತದೆ. ಆದರೆ ನಾಲ್ಕು ಹೆಜ್ಜೆ ಹಿಂದೆ ಸರಿದು ಇಡೀ ಗಿಡ ನೋಡಿ. ಇದು ಗಿಡವಾಗಿ ನೋಡಬೇಕಾದ ಗುಲಾಬಿ.

ವಾಸನೆ ಇದೆಯಾ?

ಇದೆ, ಆದರೆ ತೆಳು. ಬಿಸಿಲೇರುವ ಮುಂಚೆ ಮೂಗು ಹತ್ತಿರ ತಂದರೆ ಜೇನಿನಂಥ ಸಣ್ಣ ಪರಿಮಳ. ಘಮಘಮ ಅನ್ನುವ ಗುಲಾಬಿ ಬೇಕಿದ್ದರೆ ಬೇರೆ ತಳಿ ಹುಡುಕಿ.

ಲೇಬಲ್‌ನಲ್ಲಿ 'ಶ್ನೇವಿಟ್ಶೆನ್' ಅಂತ ಇದೆ. ಬೇರೆ ಗಿಡ ಕೊಟ್ಟುಬಿಟ್ಟರಾ?

ಇಲ್ಲ, ಅದೇ ಗಿಡ. ಜರ್ಮನಿಯಲ್ಲಿ ಇದಕ್ಕೆ ಇಟ್ಟ ಹೆಸರೇ ಅದು. ಹಿಮದಷ್ಟು ಬೆಳ್ಳಗಿನ ರಾಜಕುಮಾರಿಯ ಕಥೆ ಗೊತ್ತಲ್ಲ, ಅವಳ ಜರ್ಮನ್ ಹೆಸರು. ಫ್ರಾನ್ಸ್‌ನಲ್ಲಿ 'ಫೇ ದೆ ನೆಜ್', ಅಂದರೆ ಹಿಮದ ಯಕ್ಷಿಣಿ. ಇಂಗ್ಲಿಷ್ ಆಡುವ ಕಡೆಗೆ ಹೊರಟಾಗ ಐಸ್‌ಬರ್ಗ್ ಆಯಿತು. ರಾಜಕುಮಾರಿ ಹೋಗಿ ಮಂಜುಗಡ್ಡೆಯ ಗುಡ್ಡ ಬಂತು. ನನಗಂತೂ ಜರ್ಮನ್ ಹೆಸರೇ ಇಷ್ಟ.

ಕೆಲವು ಲೇಬಲ್‌ಗಳಲ್ಲಿ 'ಕೋರ್‌ಬಿನ್' ಅಂತಲೂ ಇರುತ್ತದೆ. ಅದು ತಳಿಯ ನೋಂದಣಿ ಹೆಸರು. ಮೊದಲ ಮೂರು ಅಕ್ಷರ ತಳಿ ಮಾಡಿದವರ ಗುರುತು, 'ಕೋರ್' ಅಂದರೆ ಕೋರ್ಡೆಸ್. ಅಂಗಡಿ ಹೆಸರು ದೇಶಕ್ಕೊಂದು ಇದ್ದರೂ ಈ ಹೆಸರು ಒಂದೇ. ಅನುಮಾನ ಬಂದರೆ ಇದನ್ನೇ ನೋಡಿ.

## ಹುಟ್ಟಿದ ಕಥೆ

ಇದರ ಅಪ್ಪ ಅಮ್ಮ ಯಾರು?

ಅಮ್ಮ 'ರಾಬಿನ್ ಹುಡ್', ಅಪ್ಪ 'ವರ್ಗೋ'. ತಪ್ಪಾಗಿ ಬರೆದಿಲ್ಲ. ಬಿಲ್ಲು ಹಿಡಿದ ಗಂಡಸಿನ ಹೆಸರಿನ ಹೂವು ಅಮ್ಮ, ಕನ್ಯಾ ಅನ್ನುವ ಹೆಸರಿನ ಹೂವು ಅಪ್ಪ. ತಳಿ ಬರೆಯುವ ಕ್ರಮದಲ್ಲಿ ಬೀಜ ಕಟ್ಟಿದ ಗಿಡ ಮೊದಲು, ಪರಾಗ ಕೊಟ್ಟದ್ದು ಆಮೇಲೆ.

ರಾಬಿನ್ ಹುಡ್ ಹೈಬ್ರಿಡ್ ಮಸ್ಕ್ ಗುಂಪಿನ ಪೊದೆ ಗುಲಾಬಿ. ಇಂಗ್ಲೆಂಡಿನ ಪಾದ್ರಿ ಜೋಸೆಫ್ ಪೆಂಬರ್ಟನ್ ಅವರ ತಳಿ. ಅವರು 1926ರಲ್ಲಿ ತೀರಿಕೊಂಡರು, ಗಿಡ ಮಾರಾಟಕ್ಕೆ ಬಂದದ್ದು 1927ರಲ್ಲಿ. ಸಣ್ಣ ಸಣ್ಣ ಕೆಂಪು ಹೂವು, ಭಾರೀ ಗೊಂಚಲು, ಗಟ್ಟಿ ಜೀವ. ಒಂಟಿ ಹೂವು ತೋರಿಸಿದರೆ ಯಾರೂ ತಿರುಗಿ ನೋಡದ ಗಿಡ. ಆದರೆ ಕೋರ್ಡೆಸ್ ಮನೆಯವರಿಗೆ ಇದರ ಮೇಲೆ ಮೊದಲಿಂದ ನಂಬಿಕೆ. 1934ರ ಅವರ 'ವಿಲ್‌ಹೆಲ್ಮ್' ಅನ್ನುವ ಕೆಂಪು ಪೊದೆ ಗುಲಾಬಿ ಕೂಡ ರಾಬಿನ್ ಹುಡ್ ಮಗುವೇ.

ವರ್ಗೋ ಇದಕ್ಕೆ ಪೂರ್ತಿ ಉಲ್ಟಾ. ಫ್ರಾನ್ಸ್‌ನ ಶಾರ್ಲ್ ಮಾಲರಾಂ 1947ರಲ್ಲಿ ಕೊಟ್ಟ ಬಿಳಿ ಹೈಬ್ರಿಡ್ ಟೀ. ನೀಟಾದ ಉದ್ದ ಮೊಗ್ಗು, ಚೆಂದದ ಹೂವು.

ಈಗ ನಿಮ್ಮ ಗಿಡದ ಹತ್ತಿರ ಹೋಗಿ ನೋಡಿ. ಚೂಪು ಮೊಗ್ಗು ಅಪ್ಪನದು. ಗೊಂಚಲು, ಬಳುಕಿ ಬಾಗುವ ತೆಳು ಕೊಂಬೆ, ಎಷ್ಟು ಕತ್ತರಿಸಿದರೂ ಮತ್ತೆ ಚಿಗುರುವ ಹಟ ಅಮ್ಮನವು.

ಕೋರ್ಡೆಸ್ ಅಂದ್ರೆ ಕಂಪನಿಯಾ, ಮನುಷ್ಯನಾ?

ಎರಡೂ. ವಿಲ್‌ಹೆಲ್ಮ್ ಕೋರ್ಡೆಸ್ ಅನ್ನುವವರು 1887ರಲ್ಲಿ ಉತ್ತರ ಜರ್ಮನಿಯ ಎಲ್ಮ್ಸ್‌ಹಾರ್ನ್‌ನಲ್ಲಿ ನರ್ಸರಿ ಶುರು ಮಾಡಿದರು. ಮುಂದೆ ಅದು ಹತ್ತಿರದ ಸ್ಪಾರಿಸ್‌ಹೋಪ್‌ಗೆ ಹೋಯಿತು. ಅದೇ ಹೆಸರಿನ ಮಗ ಎರಡನೆಯ ವಿಲ್‌ಹೆಲ್ಮ್ ಇಂಗ್ಲೆಂಡಿನಲ್ಲಿ ಗುಲಾಬಿ ಕೆಲಸ ಮಾಡುತ್ತಿದ್ದಾಗ ಮೊದಲ ಮಹಾಯುದ್ಧ ಬಂತು. ಜರ್ಮನ್ ಪ್ರಜೆ ಅಂತ ಹಿಡಿದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ಸಿಕ್ಕ ವಿರಾಮದಲ್ಲಿ ಅವರು ತಳಿಶಾಸ್ತ್ರ ಓದಿಕೊಂಡರು. ಬಿಡುಗಡೆಯಾಗಿ ಬಂದ ಮೇಲೆ ಕಸಿ ಗಿಡ ಮಾರುವ ನರ್ಸರಿ ಹೊಸ ತಳಿ ಹುಟ್ಟಿಸುವ ನರ್ಸರಿಯಾಯಿತು.

ಐಸ್‌ಬರ್ಗ್ ಮಾಡಿದ್ದು ಇವರ ಮಗ ರೈಮರ್ ಕೋರ್ಡೆಸ್. ಕಿತ್ತಳೆ ಬಣ್ಣದ 'ವೆಸ್ಟರ್‌ಲ್ಯಾಂಡ್', ಹಳದಿಯ 'ಫ್ರೀಸಿಯಾ' ಕೂಡ ಅವರದೇ ತಳಿಗಳು.

ಫ್ಲೋರಿಬಂಡ ಅನ್ನೋ ಗುಂಪೇ ಎಲ್ಲಿಂದ ಬಂತು?

ಡೆನ್ಮಾರ್ಕಿನಿಂದ. ಪೌಲ್ಸನ್ ಮನೆತನದವರಿಗೆ ಒಂದು ಚಿಂತೆ ಇತ್ತು. ಹೈಬ್ರಿಡ್ ಟೀ ಹೂವು ಚೆಂದ, ಆದರೆ ಅಲ್ಲಿನ ಚಳಿಗೆ ಗಿಡ ನರಳುತ್ತಿತ್ತು. ಪಾಲಿಯಾಂತ ಅನ್ನುವ ಕುಳ್ಳ ಗುಲಾಬಿಗಳು ಚಳಿ ತಡೆಯುತ್ತಿದ್ದವು, ಹೂವು ಮಾತ್ರ ಗುಂಡಿಯಷ್ಟು. ಎರಡನ್ನೂ ಕೂಡಿಸಿದರು. 1912ರ ಸುಮಾರಿಗೆ ಡೀನೆಸ್ ಪೌಲ್ಸನ್ 'ರೋಡ್‌ಹೆಟ್ಟೆ' ತಂದರು, 1924ರಲ್ಲಿ ಸ್ವೆಂಡ್ ಪೌಲ್ಸನ್ 'ಎಲ್ಸೆ' ಮತ್ತು 'ಕಿರ್ಸ್ಟೆನ್' ಅನ್ನುವ ಜೋಡಿ ತಳಿ ಕೊಟ್ಟರು. ಆಗ ಇವುಗಳನ್ನು ಹೈಬ್ರಿಡ್ ಪಾಲಿಯಾಂತ ಅನ್ನುತ್ತಿದ್ದರು. ಫ್ಲೋರಿಬಂಡ ಅನ್ನುವ ಹೆಸರು 1930ರ ದಶಕದಲ್ಲಿ ಅಮೆರಿಕದ ಜಾಕ್ಸನ್ ಅಂಡ್ ಪರ್ಕಿನ್ಸ್ ನರ್ಸರಿ ಚಾಲ್ತಿಗೆ ತಂದದ್ದು.

ಅಂದಹಾಗೆ ರೋಡ್‌ಹೆಟ್ಟೆ ಅಂದರೆ ಕೆಂಪು ಟೋಪಿ ಹುಡುಗಿ. ಅದೂ ಮಕ್ಕಳ ಕಥೆಯಿಂದಲೇ ಬಂದದ್ದು.

ಇದಕ್ಕೆ ಇಷ್ಟು ಹೆಸರು ಯಾಕೆ? ಪ್ರಶಸ್ತಿ ಏನಾದರೂ ಬಂದಿದೆಯಾ?

1958ರಲ್ಲೇ ಇಂಗ್ಲೆಂಡಿನ ರಾಷ್ಟ್ರೀಯ ಗುಲಾಬಿ ಸಂಘದ ಚಿನ್ನದ ಪದಕ ಬಂತು. 1983ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟ ಇದನ್ನು ತನ್ನ ಹಾಲ್ ಆಫ್ ಫೇಮ್ ಪಟ್ಟಿಗೆ ಸೇರಿಸಿತು. ಹೆಸರು ಬಂದದ್ದು ಪದಕದಿಂದ ಅಂತ ನನಗೆ ಅನ್ನಿಸುವುದಿಲ್ಲ. ಹೊಸಬರ ಕೈಯಲ್ಲೂ ಸುಲಭಕ್ಕೆ ಸಾಯದ ಗಿಡ ತಾನಾಗಿ ಮನೆ ಮನೆಗೆ ಹೋಗುತ್ತದೆ.

## ಬಣ್ಣದ ತಕರಾರುಗಳು

ಬಿಳಿ ಗುಲಾಬಿ ಅಂತ ತಂದೆ. ಹೂವಿನ ಮೇಲೆ ಗುಲಾಬಿ ಬಣ್ಣದ ಚುಕ್ಕೆ ಬರ್ತಿದೆ. ಮೋಸ ಹೋದ್ನಾ?

ಮೋಸ ಅಲ್ಲ. ಆದರೆ ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ, ಜನ ಎರಡನ್ನೂ ಕಲಸಿಬಿಡುತ್ತಾರೆ.

ಮೊದಲನೆಯದು ನಸುಗೆಂಪು ಲೇಪ. ರಾತ್ರಿ ಚಳಿ ಹೆಚ್ಚಾದಾಗ ಮೊಗ್ಗಿನ ಹೊರ ಎಸಳಿನ ಮೇಲೆ, ಕೆನ್ನೆ ಕೆಂಪಾದ ಹಾಗೆ ಬಣ್ಣ ಏರುತ್ತದೆ. ಅಂಚು ಸ್ಪಷ್ಟ ಇರುವುದಿಲ್ಲ. ಗುಲಾಬಿಗೆ ಕೆಂಪು ಕೊಡುವ ಬಣ್ಣದ ವಸ್ತು ಆಂಥೋಸಯನಿನ್. ತಂಪು ಮತ್ತು ಬಿಸಿಲು ಎರಡೂ ಸೇರಿದರೆ ಅದು ಜಾಸ್ತಿ ಹುಟ್ಟುತ್ತದೆ. ಅಮ್ಮನ ಕಡೆಯ ಕೆಂಪು ಪೂರ್ತಿ ಅಳಿಸಿ ಹೋಗಿಲ್ಲ, ಅಷ್ಟೇ. ಬೆಚ್ಚಗಾದ ಮೇಲೆ ಬರುವ ಹೂವು ಮತ್ತೆ ಬಿಳಿ.

ಎರಡನೆಯದು ಚುಕ್ಕೆ. ದುಂಡಗೆ, ಕೆಲವೊಮ್ಮೆ ಉಂಗುರದ ಹಾಗೆ, ಎಸಳಿನ ಮೇಲೆ ಚಿಮುಕಿಸಿದಂತೆ. ಇದು ಬಾಟ್ರೈಟಿಸ್ ಅನ್ನುವ ಬೂಷ್ಟಿನ ಕೆಲಸ. ಮಳೆ, ಇಬ್ಬನಿ ನಿಂತ ಎಸಳಿನ ಮೇಲೆ ಕೂತು ಶುರು ಮಾಡುತ್ತದೆ. ಬಿಳಿ ಎಸಳು ಅದಕ್ಕೆ ಕೆಂಪು ಕಲೆಯ ಮೂಲಕ ಉತ್ತರ ಕೊಡುತ್ತದೆ. ಕಲೆಯಾದ ಹೂವು ಕತ್ತರಿಸಿ ದೂರ ಹಾಕಿ, ಬುಡದಲ್ಲಿ ಉದುರಿದ ಎಸಳು ಗುಡಿಸಿ. ನೀರು ಹಾಕುವಾಗ ಹೂವಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಔಷಧ ಹೊಡೆಯುವಷ್ಟು ದೊಡ್ಡ ವಿಷಯ ಅಲ್ಲ.

ಹಾಗಾದ್ರೆ ಉಳಿದಂತೆ ಬಿಳಿ ಬಣ್ಣ ಎಲ್ಲಿಂದ ಬರುತ್ತೆ?

ಬಿಳಿ ಅನ್ನುವ ಬಣ್ಣದ ವಸ್ತು ಎಸಳಿನಲ್ಲಿ ಇಲ್ಲ. ಒಂದು ಎಸಳು ಕಿತ್ತು ಹೆಬ್ಬೆರಳು ತೋರುಬೆರಳ ನಡುವೆ ಗಟ್ಟಿಯಾಗಿ ಒತ್ತಿ ನೋಡಿ. ಒತ್ತಿದ ಜಾಗ ಎಣ್ಣೆ ಹೀರಿದ ಕಾಗದದ ಹಾಗೆ ಪಾರದರ್ಶಕ ಆಗುತ್ತದೆ. ಎಸಳಿನ ಜೀವಕೋಶಗಳ ಮಧ್ಯೆ ಸಣ್ಣ ಸಣ್ಣ ಗಾಳಿಯ ಸಂದುಗಳಿರುತ್ತವೆ. ಬೆಳಕು ಅಲ್ಲಿ ಚದುರಿ ವಾಪಸ್ ಬರುವುದರಿಂದ ನಮಗೆ ಬಿಳಿ ಕಾಣುತ್ತದೆ. ಒತ್ತಿದಾಗ ಗಾಳಿ ಹೋಯಿತು, ಬಿಳಿಯೂ ಹೋಯಿತು. ನೊರೆ ಬೆಳ್ಳಗೆ ಕಾಣುವುದೂ ಇದೇ ಲೆಕ್ಕದಲ್ಲಿ.

ನನ್ನ ಪಿಂಕ್ ಐಸ್‌ಬರ್ಗ್‌ನ ಒಂದು ಕೊಂಬೆ ಪೂರ್ತಿ ಬಿಳಿ ಹೂವು ಬಿಟ್ಟಿದೆ. ಏನಾಯ್ತು?

ಗಿಡ ತನ್ನ ಹಳೆಯ ರೂಪಕ್ಕೆ ತಿರುಗಿದೆ. ಪಿಂಕ್ ಐಸ್‌ಬರ್ಗ್ ಬೀಜದಿಂದ ಮಾಡಿದ ತಳಿ ಅಲ್ಲ. ಬಿಳಿ ಐಸ್‌ಬರ್ಗ್ ಗಿಡದ ಒಂದು ಕೊಂಬೆ ಒಂದು ದಿನ ತಾನಾಗಿಯೇ ಬೇರೆ ಬಣ್ಣ ಬಿಟ್ಟಿತು, ಅದರ ಕಣ್ಣು, ಅಂದರೆ ಚಿಗುರು ಒಡೆಯುವ ಮೊನೆ, ತೆಗೆದು ಕಸಿ ಮಾಡಿದರು. ಇಂಥ ಬದಲಾವಣೆಗೆ ಗುಲಾಬಿಯವರು ಸ್ಪೋರ್ಟ್ ಅನ್ನುತ್ತಾರೆ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 'ಬ್ಲಶಿಂಗ್ ಪಿಂಕ್', 'ಬ್ರಿಲಿಯಂಟ್ ಪಿಂಕ್' ಅನ್ನುವ ಎರಡು ಸಿಕ್ಕವು. ಗಾಢ ನೇರಳೆ ಕೆಂಪಿನ 'ಬರ್ಗಂಡಿ ಐಸ್‌ಬರ್ಗ್' ಈ ಪಿಂಕ್ ಗಿಡದಿಂದ ಮುಂದೆ ಬಂದದ್ದು. ಬಿಳಿಯಿಂದ ಪಿಂಕ್, ಪಿಂಕ್‌ನಿಂದ ಕೆಂಪು. ರಾಬಿನ್ ಹುಡ್ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ವಾಪಸ್ ನಡೆದ ಹಾಗಿದೆ ಅಲ್ವಾ?

ಹೀಗೆ ಬಂದ ಬಣ್ಣ ಎಲ್ಲ ಕೊಂಬೆಯಲ್ಲೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಒಂದು ಹೂವಿನಲ್ಲೇ ಅರ್ಧ ಪಿಂಕ್ ಅರ್ಧ ಬಿಳಿ ಬರುವುದೂ ಉಂಟು. ಪಿಂಕ್ ಮಾತ್ರ ಬೇಕಿದ್ದರೆ ಬಿಳಿ ಕೊಂಬೆಯನ್ನು ಹುಟ್ಟಿದ ಜಾಗದವರೆಗೆ ತೆಗೆಯಿರಿ. ನಾನಾಗಿದ್ದರೆ ಒಂದನ್ನು ಬಿಡುತ್ತೇನೆ, ನೋಡಲಿಕ್ಕೆ ಮಜಾ ಇರುತ್ತದೆ.

## ಬೆಳೆಸುವಾಗ

ಎಷ್ಟು ಸವರಬೇಕು? ಒಬ್ಬರು ಮಂಡಿವರೆಗೆ ಅಂತಾರೆ, ಇನ್ನೊಬ್ಬರು ಮುಟ್ಟಲೇಬೇಡಿ ಅಂತಾರೆ.

ಇಬ್ಬರೂ ಸರಿ. ಐಸ್‌ಬರ್ಗ್ ಎರಡನ್ನೂ ಸಹಿಸುತ್ತದೆ. ತಗ್ಗಾಗಿ ಕತ್ತರಿಸಿದರೆ ಗಿಡ ಕುಳ್ಳಗೆ, ಗೊಂಚಲು ಕಡಿಮೆ, ಆದರೆ ದೊಡ್ಡದು. ಮೇಲಿನ ಮೂರನೇ ಒಂದು ಭಾಗ ಮಾತ್ರ ತೆಗೆದರೆ ಪೊದೆ ಅಗಲವಾಗಿ, ಬಾಗಿ, ಮೈತುಂಬ ಹೂವು. ನನ್ನ ಓಟು ಎರಡನೆಯದಕ್ಕೆ. ಬಾಗುವುದು ಈ ಗಿಡದ ಹುಟ್ಟುಗುಣ, ಅದನ್ನು ಪ್ರತಿ ವರ್ಷ ಮೊಟಕು ಮಾಡಿ ಸೈನಿಕನ ಹಾಗೆ ನಿಲ್ಲಿಸುವುದು ಸುಮ್ನೆ ಶ್ರಮ. ಹಿಮ ಬೀಳುವ ನಾಡಿನಲ್ಲಾದರೆ ಚಳಿ ಮುಗಿದು ಕಣ್ಣುಗಳು ಉಬ್ಬುವಾಗ ಸವರಿ. ಎಲೆ ಉದುರದ ಬೆಚ್ಚಗಿನ ನಾಡಿನಲ್ಲಿ ಹಗುರವಾಗಿ ಸವರಿದರೆ ಸಾಕು.

ವರ್ಷಕ್ಕೊಮ್ಮೆ ಮಾಡುವ ಸವರಣೆಗಿಂತ ಬಾಡಿದ ಗೊಂಚಲು ತೆಗೆಯುವ ಕೆಲಸ ಮುಖ್ಯ. ಗೊಂಚಲಿನಿಂದ ಕೆಳಗೆ ಬೆರಳು ಜಾರಿಸಿಕೊಂಡು ಬನ್ನಿ. ಮೊದಲು ಮೂರು ದಳದ ಎಲೆ ಸಿಗುತ್ತದೆ, ಬಿಡಿ. ಆಮೇಲೆ ಐದು ದಳದ ಎಲೆ. ಅದರ ಸಂದಿನಲ್ಲಿ ಅಕ್ಕಿಕಾಳಿನಷ್ಟು ಕೆಂಪಗೆ ಒಂದು ಕಣ್ಣು ಕಾಣುತ್ತದೆ. ಗಿಡದ ಹೊರಗಡೆಗೆ ಮುಖ ಮಾಡಿದ್ದರೆ ಅದರ ಸ್ವಲ್ಪ ಮೇಲೆ ಕತ್ತರಿಸಿ. ಆರೇಳು ವಾರದಲ್ಲಿ ಅಲ್ಲಿಂದ ಹೊಸ ಗೊಂಚಲು.

ಗೊಂಚಲಿನ ನಡುವಿನ ಹೂವು ಮೊದಲೇ ಬಾಡಿ, ಉಳಿದವು ಅರಳೋ ಹೊತ್ತಿಗೆ ಕೆಟ್ಟದಾಗಿ ಕಾಣುತ್ತೆ. ಏನು ಮಾಡಲಿ?

ಫ್ಲೋರಿಬಂಡದ ಗೊಂಚಲಿನಲ್ಲಿ ನಟ್ಟನಡುವಿನ ಮೊಗ್ಗಿಗೆ ಯಾವಾಗಲೂ ಅವಸರ. ಪ್ರದರ್ಶನಕ್ಕೆ ಬೆಳೆಸುವವರು ಅದು ಬಟಾಣಿ ಗಾತ್ರ ಇದ್ದಾಗಲೇ ಉಗುರಿನಿಂದ ಚಿವುಟಿಬಿಡುತ್ತಾರೆ. ಸುತ್ತಲಿನವು ಹೆಚ್ಚುಕಮ್ಮಿ ಒಟ್ಟಿಗೆ ಅರಳಿ, ಗೊಂಚಲು ಒಂದು ಹೂಗುಚ್ಛದ ಹಾಗೆ ತುಂಬಿಕೊಳ್ಳುತ್ತದೆ. ಮನಸ್ಸು ಬರದಿದ್ದರೆ ಅರಳಿದ ಮೇಲೆ ಆ ಒಂದು ಹೂವನ್ನು ಕಿತ್ತು ಒಳಗೆ ತಂದಿಡಿ.

ಎಲೆ ಮೇಲೆ ಕಪ್ಪು ಚುಕ್ಕೆ, ಸುತ್ತ ಹಳದಿ, ಆಮೇಲೆ ಉದುರುತ್ತೆ. ಐಸ್‌ಬರ್ಗ್‌ಗೆ ರೋಗ ಬರಲ್ಲ ಅಂದಿದ್ರು!

ಹಾಗೆ ಹೇಳಿದವರು ಒಣ ಹವೆಯಲ್ಲಿ ಬೆಳೆಸಿದವರಿರಬೇಕು. ಕಪ್ಪು ಚುಕ್ಕೆ ರೋಗದ ಬೀಜಕಣ ಮೊಳೆತು ಎಲೆಯೊಳಗೆ ಇಳಿಯಲು ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿರಬೇಕು. ಬೇಸಿಗೆ ಒಣಗಿರುವ ಕಡೆ ಐಸ್‌ಬರ್ಗ್ ವರ್ಷಗಟ್ಟಲೆ ಎಲೆ ಕೆಡಿಸಿಕೊಳ್ಳದೆ ನಿಲ್ಲುತ್ತದೆ. ಪದೇ ಪದೇ ಮಳೆ, ಮಂಜು ಇರುವ ಕಡೆ ಹೊಟ್ಟೆಯವರೆಗೆ ಬೋಳಾಗುತ್ತದೆ. ಈ ವಿಷಯದಲ್ಲಿ ಇದು ತನ್ನ ಕಾಲದ ತಳಿ. ಕೋರ್ಡೆಸ್‌ನವರೇ 1990ರ ಹೊತ್ತಿಗೆ ತಮ್ಮ ಪರೀಕ್ಷೆಯ ತಾಕುಗಳಲ್ಲಿ ಶಿಲೀಂಧ್ರನಾಶಕ ಹೊಡೆಯುವುದನ್ನು ನಿಲ್ಲಿಸಿ, ಔಷಧವಿಲ್ಲದೆ ಬದುಕುವ ಗಿಡಗಳನ್ನೇ ಆರಿಸತೊಡಗಿದರು. ಐಸ್‌ಬರ್ಗ್ ಅದಕ್ಕಿಂತ ಮೂವತ್ತು ವರ್ಷ ಹಿರಿಯ.

ನೀವು ಮಾಡಬಹುದಾದದ್ದು ಇಷ್ಟು: ಬೆಳಗಿನ ಬಿಸಿಲು ಬೀಳುವ ಜಾಗ ಕೊಡಿ, ಇಬ್ಬನಿ ಬೇಗ ಆರುತ್ತದೆ. ನೀರು ಬುಡಕ್ಕೆ ಹಾಕಿ, ಎಲೆಗಲ್ಲ. ಗಿಡದ ಒಳಗೆ ಒಂದಕ್ಕೊಂದು ಉಜ್ಜುವ ಕಡ್ಡಿ ತೆಗೆಯಿರಿ. ಉದುರಿದ ಎಲೆ ಬುಡದಲ್ಲಿ ಬಿಡಬೇಡಿ, ರೋಗ ಅಲ್ಲೇ ಕಾದು ಕೂತಿರುತ್ತದೆ.

ಕುಂಡದಲ್ಲಿ ಆಗುತ್ತಾ?

ಆಗುತ್ತದೆ. ಕುಂಡ ದೊಡ್ಡದಿರಲಿ, ಕನಿಷ್ಠ ನಲವತ್ತು ಸೆಂಟಿಮೀಟರ್ ಆಳ. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ನೀರು ನಿಂತರೆ ಮಾತ್ರ ಕ್ಷಮಿಸುವುದಿಲ್ಲ.

ಬುಡದಿಂದ ಒಂದು ಉದ್ದ ಕೊಂಬೆ ಎದ್ದಿದೆ. ಕತ್ತರಿಸಬೇಕಾ?

ದುಡುಕಬೇಡಿ. ನಾನು ಒಮ್ಮೆ ಹೀಗೆ ಎದ್ದ ಕೊಂಬೆಯನ್ನು ಕಾಡು ಚಿಗುರು, ಅಂದರೆ ಕಸಿಗೆ ಬೇರು ಕೊಟ್ಟ ಮೂಲಗಿಡದ ಚಿಗುರು ಅಂದುಕೊಂಡು ಬುಡಸಮೇತ ತೆಗೆದೆ. ಆಮೇಲೆ ಮಣ್ಣು ಸರಿಸಿ ನೋಡಿದರೆ ಅದು ಕಸಿಯ ಗಂಟಿನ (ಎರಡು ಗಿಡ ಕೂಡಿದ ಜಾಗದ) ಮೇಲಿಂದ ಬಂದಿತ್ತು. ಗಿಡ ಎರಡು ವರ್ಷಕ್ಕೆ ಒಮ್ಮೆ ಕೊಡುವ ಒಳ್ಳೆಯ ಹೊಸ ಕಾಂಡ ನನ್ನ ಕೈಯಲ್ಲಿತ್ತು.

ಏಳು ದಳದ ಎಲೆ ಇದ್ದರೆ ಕಾಡು, ಐದಿದ್ದರೆ ಒಳ್ಳೆಯದು ಅಂತ ಹೇಳುವ ರೂಢಿ ಇದೆ. ನೆಚ್ಚಿಕೊಳ್ಳಬೇಡಿ, ಐಸ್‌ಬರ್ಗ್‌ನ ಗಟ್ಟಿ ಕೊಂಬೆಯಲ್ಲೂ ಏಳು ದಳ ಬರುತ್ತದೆ. ಬೆರಳಿನಿಂದ ಮಣ್ಣು ಸರಿಸಿ, ಕೊಂಬೆ ಎಲ್ಲಿಂದ ಹೊರಟಿದೆ ನೋಡಿ. ಗಂಟಿನ ಕೆಳಗಿನಿಂದ ಬಂದಿದ್ದರೆ ಅದು ಮೂಲಗಿಡದ್ದು. ಕತ್ತರಿಸದೆ, ಬುಡಕ್ಕೆ ಹಿಡಿದು ಜಗ್ಗಿ ಕಿತ್ತು ತೆಗೆಯಿರಿ. ಕತ್ತರಿಸಿದರೆ ಒಂದರ ಜಾಗಕ್ಕೆ ನಾಲ್ಕು ಬರುತ್ತವೆ.

## ಇನ್ನೂ ಸ್ವಲ್ಪ ಆಳಕ್ಕೆ

ಬಳ್ಳಿ ಐಸ್‌ಬರ್ಗ್ ಬೇರೆ ತಳಿನಾ? ಸಾಮಾನ್ಯ ಗಿಡವನ್ನೇ ಕತ್ತರಿಸದೆ ಬಿಟ್ಟರೆ ಬಳ್ಳಿ ಆಗಲ್ವಾ?

ಆಗುವುದಿಲ್ಲ, ಎತ್ತರದ ಪೊದೆ ಆಗುತ್ತದೆ ಅಷ್ಟೇ. ಬಳ್ಳಿ ಐಸ್‌ಬರ್ಗ್ ಇನ್ನೊಂದು ಸ್ಪೋರ್ಟ್. ಇಂಗ್ಲೆಂಡಿನ ಕ್ಯಾಂಟ್ ನರ್ಸರಿ 1968ರಲ್ಲಿ ಹೊರತಂದದ್ದು. ಬಣ್ಣದ ಬದಲು ಬೆಳೆಯುವ ರೀತಿಯೇ ಬದಲಾಗಿದೆ. ಮೂರು ಮೀಟರ್ ಮೇಲೆ ಸಲೀಸಾಗಿ ಹೋಗುತ್ತದೆ. ಮೊದಲ ಎರಡು ವರ್ಷ ಉದ್ದ ಕೊಂಬೆಗಳನ್ನು ತಗ್ಗಾಗಿ ಕತ್ತರಿಸಬೇಡಿ, ಮತ್ತೆ ಪೊದೆಯಾಗಿ ತಿರುಗಿಬಿಡುವ ಸಾಧ್ಯತೆ ಇದೆ. ಕತ್ತರಿಸುವ ಬದಲು ಅಡ್ಡಡ್ಡ ಬಾಗಿಸಿ ಕಟ್ಟಿ. ನೆಟ್ಟಗೆ ನಿಂತ ಕೊಂಬೆ ತುದಿಯಲ್ಲಿ ಮಾತ್ರ ಹೂ ಬಿಡುತ್ತದೆ. ಮಲಗಿಸಿದ ಕೊಂಬೆಯ ಪ್ರತಿ ಕಣ್ಣೂ ಚಿಗುರುತ್ತದೆ.

ಐಸ್‌ಬರ್ಗ್‌ನಿಂದ ಬೇರೆ ಒಳ್ಳೆಯ ತಳಿ ಹುಟ್ಟಿವೆಯಾ?

ಹುಟ್ಟಿವೆ. ನೀವು ನಿರೀಕ್ಷಿಸದ ಜಾಗದಲ್ಲಿ ಇದರ ಹೆಸರು ಸಿಗುತ್ತದೆ. ಇಂಗ್ಲೆಂಡಿನ ಡೇವಿಡ್ ಆಸ್ಟಿನ್ 1983ರಲ್ಲಿ ತಂದ 'ಗ್ರಹಾಂ ಥಾಮಸ್' ಅನ್ನುವ ಗಾಢ ಹಳದಿ ಗುಲಾಬಿಯ ವಂಶದಲ್ಲಿ ಐಸ್‌ಬರ್ಗ್ ಇದೆ. ಅವರ ನಸುಗುಲಾಬಿ 'ಹೆರಿಟೇಜ್' ವಂಶದಲ್ಲೂ ಇದೆ. ಹಳೆಯ ಕಾಲದ ತುಂಬು ಹೂವಿನ ಚೆಂದ ಬೇರೆ ಗಿಡಗಳಿಂದ ಬಂತು. ವರ್ಷದಲ್ಲಿ ಮತ್ತೆ ಮತ್ತೆ ಹೂ ಬಿಡುವ ಗುಣಕ್ಕೆ ಐಸ್‌ಬರ್ಗ್ ಬೇಕಾಯಿತು. ಗ್ರಹಾಂ ಥಾಮಸ್ ಕೂಡ 2009ರಲ್ಲಿ ಅದೇ ಹಾಲ್ ಆಫ್ ಫೇಮ್ ಸೇರಿತು.

ಕಡ್ಡಿ ನೆಟ್ಟು ಗಿಡ ಮಾಡಬಹುದಾ?

ಧಾರಾಳವಾಗಿ. ಹೂವು ಮುಗಿದ ಕೊಂಬೆಯಿಂದ ಪೆನ್ಸಿಲ್ ದಪ್ಪದ ಕಡ್ಡಿ ತೆಗೆದು ನೆಟ್ಟರೆ ಬೇರು ಬಿಡುವ ತಳಿಗಳಲ್ಲಿ ಇದೊಂದು. ಕಸಿ ಗಿಡಕ್ಕಿಂತ ಒಂದೆರಡು ವರ್ಷ ನಿಧಾನ. ಆದರೆ ಕಾಡು ಚಿಗುರಿನ ಕಾಟ ಇಲ್ಲ.

ಹೂವು ಬಿಟ್ಟ ಮೇಲೆ ಕಾಯಿ ಕಟ್ಟಿದೆ. ಬೀಜ ಹಾಕಿದರೆ ಐಸ್‌ಬರ್ಗೇ ಬರುತ್ತಾ?

ಬರುವುದಿಲ್ಲ. ಬೀಜದ ಗಿಡ ಅಂದರೆ ರಾಬಿನ್ ಹುಡ್, ವರ್ಗೋ, ಅವುಗಳ ಹಿಂದಿನವರು, ಎಲ್ಲರ ಚೀಟಿ ಮತ್ತೆ ಡಬ್ಬಿಗೆ ಹಾಕಿ ಕುಲುಕಿದ ಹಾಗೆ. ಆದರೂ ಒಮ್ಮೆ ಮಾಡಿ ನೋಡಿ. ಕಾಯಿ ಕಿತ್ತಳೆ ಬಣ್ಣಕ್ಕೆ ತಿರುಗಿದ ಮೇಲೆ ಒಡೆದು ಬೀಜ ತೊಳೆಯಿರಿ. ಒದ್ದೆ ಕಾಗದದಲ್ಲಿ ಸುತ್ತಿ ಆರೆಂಟು ವಾರ ಫ್ರಿಜ್‌ನಲ್ಲಿಡಿ. ಚಳಿಗಾಲ ಕಳೆಯಿತು ಅಂತ ಬೀಜಕ್ಕೆ ಅನ್ನಿಸಬೇಕು. ಆಮೇಲೆ ಬಿತ್ತಿ. ಮತ್ತೆ ಮತ್ತೆ ಹೂ ಬಿಡುವ ಗುಲಾಬಿಗಳ ಸಸಿ ಮೊದಲ ವರ್ಷವೇ ಗೇಣುದ್ದ ಇರುವಾಗಲೇ ಒಂದು ಸಣ್ಣ ಹೂವು ತೋರಿಸುತ್ತದೆ.

ನಾನು ಹಾಕಿದ್ದರಲ್ಲಿ ನಾಲ್ಕು ಮೊಳೆತವು. ಎರಡು ಬೂದಿ ರೋಗಕ್ಕೆ ಹೋದವು. ಒಂದು ಬಿಳಿ ಬಿಟ್ಟಿತು, ಅಮ್ಮನಿಗಿಂತ ಸಪ್ಪೆ. ನಾಲ್ಕನೆಯದಕ್ಕೆ ಐದೇ ಎಸಳು, ಎಳೆ ಕೆಂಪು, ನಡುವೆ ಬಿಳಿ ಕಣ್ಣು. ಅದು ಈಗಲೂ ಮೂಲೆಯ ಕುಂಡದಲ್ಲಿದೆ, ಹೆಸರು ಇಟ್ಟಿಲ್ಲ.